ಕುಚ್ಚಲಕ್ಕಿಯ ಊರಿನಲ್ಲಿ ಗೋಧಿಯಮ್ಮ

ಅನ್ನಕ್ಕಿಂತ ಚಪಾತಿ ಪುಷ್ಟಿ ಎಂದು ಯಾರಾದರೂ ನನ್ನೆದುರು ಹೇಳಿದರೆ ಇವತ್ತಿಗೂ ನಾನು ಮೆಲ್ಲಗೆ ಎದ್ದು ಒಳಗೆ ಹೋಗಿಬಿಡುತ್ತೇನೆ. ಆ ಮಾತನ್ನು ನಾನು ಸಂಬಳ ತೆಗೆದುಕೊಂಡು ವರ್ಷಗಟ್ಟಲೆ ಹೇಳಿದವಳು. ಹೇಳಿದಾಗಲೆಲ್ಲ ಏನಾದರೊಂದು ಎಡವಟ್ಟು ಆಗದೆ ಬಿಟ್ಟದ್ದಿಲ್ಲ.

ಅರವತ್ತರ ದಶಕದ ನಡುವಿನ ಕಾಲ. ಅಕ್ಕಿಗೆ ತತ್ವಾರ. ರೇಷನ್ ಅಂಗಡಿಯಲ್ಲಿ ಅಕ್ಕಿ ಕೇಳಿದವರಿಗೆ ಅರ್ಧ ಅಕ್ಕಿ, ಅರ್ಧ ಹೊರದೇಶದಿಂದ ಹಡಗಿನಲ್ಲಿ ಬಂದ ಗೋಧಿ. ನಾನು ಆಗ ಕುಂದಾಪುರದಲ್ಲಿ ಬಾಡಿಗೆ ಕೋಣೆ ಹಿಡಿದು ಸುತ್ತಲಿನ ಹಳ್ಳಿಗಳಿಗೆ ಹೋಗುತ್ತಿದ್ದ ಗ್ರಾಮಸೇವಿಕೆ. ನಮ್ಮ ಸಾಹೇಬರು ಒಂದು ದಿನ ಕರೆದು, "ನೋಡಿ, ಜನ ಅಕ್ಕಿ ಮಾತ್ರ ಒಯ್ಯುತ್ತಾರೆ, ಗೋಧಿ ಅಂಗಡಿಯಲ್ಲೇ ಹುಳ ಹಿಡಿಯುತ್ತದೆ. ಖರ್ಚಾಗದಿದ್ದರೆ ನಮ್ಮ ಪಾಲನ್ನು ಬೇರೆ ಕಡೆಗೆ ಕಳಿಸುತ್ತಾರೆ. ಆಮೇಲೆ ಮಳೆಗಾಲದಲ್ಲಿ ಅಕ್ಕಿಯೂ ಇಲ್ಲ, ಗೋಧಿಯೂ ಇಲ್ಲ. ನೀವು ಹೋಗಿ ಗೋಧಿ ಹೆಚ್ಚು ಪೌಷ್ಟಿಕ ಅಂತ ತಿಳಿಸಿ ಹೇಳಿ" ಎಂದರು.

ಮಾತೇನೋ ಸರಿಯೇ. ಹಸಿದ ಮನೆಗಳನ್ನು ನಾನೂ ಕಂಡಿದ್ದೆ. ಹಾಗಾಗಿ ಮನಸ್ಸಿಟ್ಟೇ ಹೊರಟೆ. ಕೆಲವೇ ದಿನಗಳಲ್ಲಿ ನನಗೆ ಗೋಧಿಯಮ್ಮ ಎಂದು ಹೆಸರು ಬಿತ್ತು. ನಾನು ಬೇಲಿಯ ದಣಪೆ ದಾಟಿ ಒಳಗೆ ಬರುವುದು ಕಂಡರೆ ಸಾಕು, ಹೆಂಗಸರು ಒಬ್ಬರಿಗೊಬ್ಬರು "ಹ್ವಾಯ್, ಗೋಧಿಯಮ್ಮ ಬಂತ್" ಎಂದು ಕೂಗಿ ಹೇಳುತ್ತಿದ್ದರು. ಊರಿಗೆ ಯಾವುದೋ ಜಾಡ್ಯ ಬಂದಾಗ ಹೇಳುವ ಧಾಟಿಯಲ್ಲಿ.

ಹೋದ ವರ್ಷದ ಮಾತು

ಮೊದಲ ಸಭೆ ಉಪ್ಪುಂದದಲ್ಲಿ, ಒಂದು ಮನೆಯ ಜಗಲಿಯ ಮೇಲೆ. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಕಾಲು ಚಾಚಿ ಕೂತು ಎಲೆಯಡಿಕೆ ಕುಟ್ಟುತ್ತಿದ್ದರು. ನಾನು ಅಕ್ಕಿಯಲ್ಲಿ ಇಂಥದ್ದು ಕಡಿಮೆ, ಗೋಧಿಯಲ್ಲಿ ಇಂಥದ್ದು ಜಾಸ್ತಿ ಎಂದು ಎಲ್ಲವನ್ನೂ ಹೇಳಿ ಮುಗಿಸಿದೆ. ಅಜ್ಜಿ ಕುಟ್ಟುವುದನ್ನು ನಿಲ್ಲಿಸಿದರು.

"ಹೋದ್ ವರ್ಷ ಇದೇ ಜಗಲಿ ಮೇಲ್ ಕೂಕಂಡ್ ಕೊಚ್ಚಕ್ಕಿ ಒಳ್ಳೇದ್ ಅಂದದ್ದ್ ನೀವೇ ಅಲ್ದಾ?"

ಹೌದು, ಹಿಂದಿನ ವರ್ಷ ನಮಗೆ ಬಂದ ಆದೇಶ ಬೇರೆ ಇತ್ತು. ಮಿಲ್ಲಿನ ಬಿಳಿ ಅಕ್ಕಿ ತಿನ್ನಬೇಡಿ, ಕುಚ್ಚಲಕ್ಕಿ ಬಿಡಬೇಡಿ ಎಂದು ಹೇಳಿಸಿದ್ದರು.

"ಹೌದು ಅಜ್ಜಿ. ಬೆಳ್ತಿಗೆ ಅಕ್ಕಿಗಿಂತ ಕುಚ್ಚಲಕ್ಕಿ ಒಳ್ಳೆಯದು" ಎಂದೆ.

"ಈಗ?"

"ಕುಚ್ಚಲಕ್ಕಿಗಿಂತ ಗೋಧಿ ಒಳ್ಳೆಯದು."

ಅಜ್ಜಿ ಎಲೆಯಡಿಕೆಯನ್ನು ಬಾಯಿಗೆ ಹಾಕಿಕೊಂಡು, ದವಡೆಯ ಈ ಕಡೆಯಿಂದ ಆ ಕಡೆಗೆ ತಳ್ಳಿ, "ಹಾಂಗಾರೆ ಮುಂದಿನ್ ವರ್ಷ ಗೋಧಿಗಿಂತ ಎಂತ ಒಳ್ಳೇದಾತ್ತ್ ಅಂದ್ ಈಗ್ಳೇ ಹೇಳಿ ಬಿಡಿ ಮಗ. ಸೀದಾ ಅದನ್ನೇ ತಿಂಬ. ಮಧ್ಯ ಈ ಗೋಧಿ ಎಂತಕ್ಕೆ?" ಎಂದರು.

ಅಕ್ಕಿಯ ಪಾತ್ರಧಾರಿ

ಬೈಂದೂರಿನ ಸಭೆಗೆ ಗಂಡಸರೂ ಬಂದಿದ್ದರು. ನನಗೆ ಸಂತೋಷವಾಯಿತು. ಅವರಲ್ಲೊಬ್ಬರು ಪುರಾಣದ ಪಾತ್ರವಾಗಿ ವಾದ ಹೂಡುವ ತಾಳಮದ್ದಲೆಯ ಅರ್ಥಧಾರಿಗಳು ಎನ್ನುವುದು ಮೊದಲೇ ಗೊತ್ತಿದ್ದರೆ ನಾನು ಅಂದು ಜ್ವರ ಎಂದು ಮಲಗುತ್ತಿದ್ದೆ.

"ಅಕ್ಕಿಗಿಂತ ಗೋಧಿ ಶ್ರೇಷ್ಠ" ಎಂದು ನಾನು ಶುರು ಮಾಡಿದ್ದೇ ತಡ, ಅವರು ಶಲ್ಯ ಕೊಡವಿ ಎದ್ದು ನಿಂತರು.

"ತಾವು ಗೋಧಿಯ ಪರ. ಒಪ್ಪಿದೆ. ಅಕ್ಕಿಯ ಪರವಾಗಿ ಮಾತಾಡುವವರು ಈ ಸಭೆಯಲ್ಲಿ ಯಾರೂ ಬೇಡವೇ?"

"ಬೇಕ್, ಬೇಕ್!" ಎಂದು ಸಭೆ.

ಅವರು ಗಂಟಲು ಸರಿ ಮಾಡಿಕೊಂಡರು. ಮರುಕ್ಷಣದಲ್ಲಿ ಅವರು ಅಕ್ಕಿಯೇ ಆದರು. "ಎಲೈ ಗೋಧಿಯೇ! ಹಡಗು ಹತ್ತಿ ನಿನ್ನೆ ಮೊನ್ನೆ ಬಂದಿಳಿದವಳು ನೀನು. ನಾನಾದರೋ ಈ ಮಣ್ಣಿನ ಕೆಸರಿನಲ್ಲಿ ಹುಟ್ಟಿ, ಈ ಮಳೆಯಲ್ಲಿ ಬೆಳೆದವಳು. ಮಗುವಿನ ಬಾಯಿಗೆ ಮೊದಲ ತುತ್ತು ಯಾರು? ನಾನು! ಮದುಮಕ್ಕಳ ತಲೆಯ ಮೇಲೆ ಬೀಳುವವಳು ಯಾರು? ನಾನು! ನಿನ್ನನ್ನು ಎರಚಿ ಯಾರಾದರೂ ಮದುವೆಯಾದದ್ದುಂಟೋ?"

ಚಪ್ಪಾಳೆ. ನಾನೂ ಬಿಡಲಿಲ್ಲ. "ಎರಚುವ ಪ್ರಶ್ನೆ ಅಲ್ಲ, ತಿನ್ನುವ ಪ್ರಶ್ನೆ. ಗೋಧಿಯಲ್ಲಿ ಸಸಾರಜನಕ ಜಾಸ್ತಿ ಇದೆ. ಅದೇ ಮೈಗೆ ಕಸುವು ಕೊಡುವುದು" ಎಂದೆ.

ಅವರ ಮುಖ ಅರಳಿದ ರೀತಿ ಕಂಡು, ನಾನು ಬಾವಿಗೆ ಬಿದ್ದೆ ಎಂದು ಗೊತ್ತಾಯಿತು.

"ಕೇಳಿದಿರಾ ಸಭಿಕರೇ! ಅವಳ ಬಾಯಿಂದಲೇ ಬಂತು. ಅವಳಲ್ಲಿ ಹೆಚ್ಚಿರುವುದು ಸಸಾರ! ಎಲೈ, ಲೋಕದಲ್ಲಿ ಯಾರನ್ನು ಸಸಾರ ಮಾಡುತ್ತಾರೆ? ಬೆಲೆಯಿಲ್ಲದವರನ್ನು! ನಿನ್ನನ್ನು ಹಡೆದ ಜನಕನೇ ನಿನ್ನನ್ನು ಸಸಾರ ಮಾಡಿ ಕಡಲಾಚೆ ಅಟ್ಟಿದ ಮೇಲೆ, ನಾವು ಮಣೆ ಹಾಕಿ ಕೂರಿಸಬೇಕೋ?"

ನಾನು ಸಸಾರಜನಕ ಅಂದರೆ ಏನು ಎಂದು ವಿವರಿಸಲು ಬಾಯಿ ತೆರೆದಾಗಲೆಲ್ಲ ಅವರು ಅದಕ್ಕೊಂದು ಪೌರಾಣಿಕ ಉತ್ತರ ಕೊಟ್ಟರು. ಜನ ಏಳಲೇ ಇಲ್ಲ. ನನ್ನ ಯಾವ ಸಭೆಗೂ ಅಷ್ಟು ಜನ ಅಷ್ಟು ಹೊತ್ತು ಕೂತದ್ದಿಲ್ಲ. ಕೊನೆಗೆ ನಾನು ಚೀಲ ಎತ್ತಿಕೊಂಡು ಹೊರಟರೆ, ದಾರಿಯಲ್ಲಿ ಒಬ್ಬರು ಓಡುತ್ತ ಬಂದು ಕೈ ಮುಗಿದರು.

"ಹ್ವಾಯ್ ಅಮ್ಮ, ನಿಮ್ಮ್ ಗೋಧಿ ಪಾತ್ರ ಲಾಯ್ಕಿತ್ತ್. ಬಪ್ಪ ತಿಂಗ್ಳ್ ನಮ್ಮಲ್ಲ್ ತಾಳಮದ್ದಲೆ ಇತ್ತ್. ಬತ್ರ್ಯಾ?"

ಬೆಂಕಿಗೆ ಬಗ್ಗದ್ದು

ಕೋಡಿಯ ಮೀನುಗಾರರ ಕೇರಿಯಲ್ಲಿ ನಡೆದದ್ದನ್ನು ನೆನೆದರೆ ಬರೀ ನಗು ಬರುವುದಿಲ್ಲ. ಮಳೆಗಾಲ. ದೋಣಿಗಳು ಮರಳ ಮೇಲೆ ಮಗುಚಿ ಮಲಗಿದ್ದವು. ಕಡಲಿಗೆ ಹೋಗದೆ ಮೀನಿಲ್ಲ, ಮೀನಿಲ್ಲದೆ ಅಕ್ಕಿಯಿಲ್ಲ. ಆ ಕೇರಿಯಲ್ಲಿ ಬುಟ್ಟಿ ಹೊತ್ತು ಮೀನು ಮಾರುವ ಒಬ್ಬ ಹೆಂಗಸು ಇದ್ದರು. ನನ್ನ ಮಾತನ್ನು ಅಲ್ಲಿ ಪೂರ್ತಿ ನಂಬಿದವರು ಅವರೊಬ್ಬರೇ. "ಅಮ್ಮ ಹೇಳ್ರಲೆ, ಗೋಧಿ ಗಂಜಿ ಮಾಡ್ತೆ" ಎಂದು ಅಂಗಡಿಯಿಂದ ಗೋಧಿ ತಂದರು.

ಮಧ್ಯಾಹ್ನ ನಾನು ಹೋದಾಗ ಮಕ್ಕಳೆಲ್ಲ ಬಟ್ಟಲು ಹಿಡಿದು ಒಲೆಯ ಸುತ್ತ ಕೂತಿದ್ದವು. ಅಡುಗೆಮನೆ ತುಂಬ ಹೊಗೆ. ಒಲೆಯ ಮೇಲೆ ದೊಡ್ಡ ಮಡಕೆ.

"ಆಯ್ತಾ?" ಎಂದೆ.

"ಬೆಳಿಗ್ಗೆಯಿಂದ ಕುದೀತಾ ಇತ್ತ್. ಕಾಳ್ ಒಂಚೂರ್ ಊದ್ಕಂಡಿತ್ತ್, ಸಿಟ್ಟ್ ಮಾಡ್ಕಂಡ್ ಕೂತವರ್ ಹಾಂಗೆ. ಬೇಯುದ್ ಮಾತ್ರ ಇಲ್ಲೆ."

ಮುಚ್ಚಳ ತೆಗೆದು ನೋಡಿದೆ. ಕುಚ್ಚಲಕ್ಕಿ ಹಾಕುವ ಹಾಗೆ ಇಡೀ ಗೋಧಿಯನ್ನೇ ನೀರಿಗೆ ಹಾಕಿದ್ದರು. ತಪ್ಪು ಅವರದಲ್ಲ. ಪುಷ್ಟಿ, ಕಸುವು ಎಂದೆಲ್ಲ ಭಾಷಣ ಮಾಡಿದ್ದ ನಮ್ಮ ಇಲಾಖೆಯವರಿಗೆ, ಅದನ್ನು ಮೊದಲು ಒಡೆಯಬೇಕು ಎಂದು ಹೇಳಿಸಲು ಹೊಳೆದಿರಲಿಲ್ಲ. ಒಲೆಯೊಳಗೆ ನೋಡಿದರೆ ತೆಂಗಿನ ಮಡಲು ಮುಗಿದು, ಹಳೆಯ ಮೀನಿನ ಬುಟ್ಟಿ ಮುಗಿದು, ಈಗ ಕೂರುವ ಮಣೆ ಉರಿಯುತ್ತಿತ್ತು.

"ಅಯ್ಯೋ, ಮಣೆ ಯಾಕೆ ಹಾಕಿದಿರಿ?"

"ಮತ್ತೆಂತ ಮಾಡುದ್? ನೀವ್ ಗೋಧಿಗ್ ಬಲ ಜಾಸ್ತಿ ಅಂದದ್ದ್ ಸುಳ್ಳಲ್ಲ ಅಮ್ಮ. ಬೆಂಕಿಯೇ ಸೋತ್ ಹೋಯ್ತ್."

ನಾನು ಸೀರೆಯ ಸೆರಗು ಸಿಕ್ಕಿಸಿ, ಪಕ್ಕದ ಮನೆಯ ಬೀಸುಕಲ್ಲು ಕೇಳಿ, ಉಳಿದ ಒಣ ಗೋಧಿಯನ್ನು ಅವರ ಜೊತೆ ಕೂತು ನುಚ್ಚು ಮಾಡಿದೆ. ಸ್ವಲ್ಪ ಹೊತ್ತಿನಲ್ಲಿ ಗಂಜಿ ಆಯಿತು. ಒಣ ಸಿಗಡಿ ಚಟ್ನಿ ಹಚ್ಚಿಕೊಂಡು ಮಕ್ಕಳು ಸೊರ್ ಸೊರ್ ಎಂದು ಉಂಡದ್ದನ್ನು ನೋಡಿ ನನ್ನ ಕಣ್ಣು ತುಂಬಿತು. ಹೊಗೆಯಿಂದಲೂ ಇರಬಹುದು.

ಅವರೂ ಒಂದು ಬಟ್ಟಲು ಉಂಡು, ಯೋಚಿಸಿ, ಬಹಳ ಗಂಭೀರವಾಗಿ ಹೇಳಿದರು: "ಲಾಯ್ಕಿತ್ತ್ ಅಮ್ಮ. ಥೇಟ್ ಅಕ್ಕಿ ನುಚ್ಚಿನ ಗಂಜಿ ಹಾಂಗೇ ಇತ್ತ್. ಹಾಂಗಾರೆ ಸರ್ಕಾರದವ್ರ್ ಸೀದಾ ಅಕ್ಕಿಯೇ ಕೊಟ್ರೆ ಎಂತ ಆತಿತ್ತ್?"

ತಿಂಡಿ ಆಯಿತು, ಊಟ ಹಾಕು

ಊರಿಗೆ ಬುದ್ಧಿ ಹೇಳುವವಳು ಮೊದಲು ಮನೆಯಲ್ಲಿ ಮಾಡಿ ತೋರಿಸಬೇಕು ಎಂದು ಒಂದು ಭಾನುವಾರ ನಿರ್ಧಾರ ಮಾಡಿದೆ. ನಮ್ಮ ಮನೆ ಬ್ರಹ್ಮಾವರದಲ್ಲಿ. ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗುತ್ತಿದ್ದೆ. ಮನೆಯಲ್ಲಿ ಶಾಲಾ ಮಾಸ್ತರರಾದ ನನ್ನ ಗಂಡ ಮತ್ತು ಅತ್ತೆ. ಅಂದು ಅನ್ನಕ್ಕೆ ನೀರೇ ಇಡಲಿಲ್ಲ. ಚಪಾತಿ, ಬಟಾಟೆ ಪಲ್ಯ, ಗೋಧಿ ಪಾಯಸ.

ಅತ್ತೆ ಒಂದಾದ ಮೇಲೊಂದು ಚಪಾತಿ ತಿಂದರು. ಪಾಯಸವನ್ನು ಎರಡನೇ ಸಲ ಹಾಕಿಸಿಕೊಂಡರು. ನಾನು ಗೆದ್ದೆ ಎಂದುಕೊಂಡೆ. ತಿಂದಾದ ಮೇಲೆ ಅವರು ಏಳಲಿಲ್ಲ. ಬಾಳೆಲೆಗೆ ನೀರು ಚಿಮುಕಿಸಿ, ಒರೆಸಿ, ಸುಮ್ಮನೆ ಕೂತರು.

"ಏನು ಬೇಕು ಅತ್ತೆ?"

"ಊಟ."

"ಈಗ ಮಾಡಿದ್ದು ಏನು?"

"ಅದ್ ತಿಂಡಿ ಅಲ್ದಾ?"

ನಾನು ತಾಳ್ಮೆಯಿಂದ, ನೀವು ತಿಂದ ಚಪಾತಿಯಲ್ಲಿ ಒಂದು ತಟ್ಟೆ ಅನ್ನಕ್ಕಿಂತ ಹೆಚ್ಚು ಪುಷ್ಟಿ ಇದೆ ಎಂದು ವಿವರಿಸಿದೆ. ಅತ್ತೆ ಎಲ್ಲವನ್ನೂ ಕೇಳಿ, "ಇರ್ಲಿ ಮಾರಾಯ್ತಿ, ನಾ ಇಲ್ಲೆ ಅಂಬುದಿಲ್ಲೆ. ಅದ್ ಹೊಟ್ಟಿಗ್ ಗೊತ್ತಾಪುದ್ ಬೇಡ್ದಾ?" ಎಂದರು.

ಅಷ್ಟರಲ್ಲಿ ಪಕ್ಕದ ಮನೆಯವರು ಬೇಲಿಯಾಚೆಯಿಂದ ಎಂದಿನಂತೆ ಕೇಳಿದರು, "ಉಂಡ್ರ್ಯಾ?"

ಅತ್ತೆ ಬಹಳ ಶಾಂತವಾಗಿ, "ಇಲ್ಲೆ. ಇವತ್ತ್ ನಮ್ಮನಿಯಂಗೆ ಊಟ ಇಲ್ಲೆ. ಸೊಸೆ ಕುಂದಾಪ್ರದಿಂದ್ ಬಂದಿತ್ತಲೆ" ಎಂದರು.

ಇಷ್ಟೇ ಮಾತು. ಸಂಜೆಯೊಳಗೆ ಕೇರಿಗೆಲ್ಲ ಸುದ್ದಿ: ಸರ್ಕಾರಿ ಕೆಲಸದ ಸೊಸೆ ಅತ್ತೆಯನ್ನು ಉಪವಾಸ ಕೆಡವಿದ್ದಾಳೆ. ಪಕ್ಕದ ಮನೆಯವರು ಕನಿಕರದಿಂದ ಒಂದು ಪಾತ್ರೆ ಗಂಜಿ, ಮೇಲೆ ಮಾವಿನ ಮಿಡಿ ಉಪ್ಪಿನಕಾಯಿ ತಂದಿಟ್ಟರು. ನಾನು ಅವಮಾನದಿಂದ ಅದನ್ನು ವಾಪಸು ಕಳಿಸಲು ಎತ್ತಿಕೊಂಡರೆ, ಪಾತ್ರೆ ಹಗುರ ಇತ್ತು. ನೋಡಿದರೆ ನನ್ನ ಗಂಡ, ಮಧ್ಯಾಹ್ನವಿಡೀ "ಗೋಧಿಯೇ ಶ್ರೇಷ್ಠ" ಎಂದು ನನ್ನ ಪರ ನಿಂತವರು, ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಉಣ್ಣುತ್ತಿದ್ದರು. "ಕೊಟ್ಟದ್ದನ್ನು ತಿರುಗಿ ಕಳಿಸಿದರೆ ಅವರಿಗೆ ಬೇಸರ ಆಗುತ್ತದೆ" ಎಂದರು.

ಬೊಂಬಾಯಿಯ ಸಾಕ್ಷಿ

ಕುಂದಾಪುರದ ಒಂದು ಸಭೆಗೆ ನಾನೊಬ್ಬ ಸಾಕ್ಷಿಯನ್ನೇ ಕರೆದೊಯ್ದೆ. ಬೊಂಬಾಯಿಯ ಹೋಟೆಲಿನಲ್ಲಿ ಬಹಳ ವರ್ಷ ದುಡಿದು ರಜೆಗೆ ಬಂದಿದ್ದ ಗಟ್ಟಿಮುಟ್ಟು ಆಳು. ಹಿಟ್ಟು ಕಲಸಿ, ಗಾಳಿಯಲ್ಲಿ ತಿರುಗಿಸಿ, ಚಂದ್ರನಷ್ಟು ದುಂಡಗಿನ ಚಪಾತಿ ಬೇಯಿಸಿ ತೋರಿಸಿದ. ಹೆಂಗಸರು ಬಾಯಿ ಬಿಟ್ಟು ನೋಡಿದರು.

"ಏಕ್ದಂ ತಾಕತ್ತಿನ ವಸ್ತು. ಬೊಂಬಾಯಂಗೆ ದೊಡ್ಡ ದೊಡ್ಡ ಸೇಟುಗಳೆಲ್ಲ ಇದನ್ನೇ ತಿಂಬುದ್. ಅನ್ನ ಮುಟ್ಟುದಿಲ್ಲೆ" ಎಂದ.

ನಾನು ಹೆಮ್ಮೆಯಿಂದ ಸಭೆಯ ಕಡೆಗೆ ತಿರುಗಿ, "ಇವರ ಮೈಕಟ್ಟು ನೋಡಿ. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?" ಎಂದೆ.

ಹಿಂದಿನಿಂದ ಒಬ್ಬಳು ಕೇಳಿದಳು, "ಅಣ್ಣ, ನೀವ್ ಅಲ್ಲ್ ದಿನಾ ಎಷ್ಟ್ ಚಪಾತಿ ತಿಂತ್ರಿ?"

"ನಾನಾ?" ಎಂದು ಅವನು ಗಾಬರಿಯಿಂದ ನನ್ನ ಮುಖ ನೋಡಿದ. "ನಾನ್ ತಿಂಬುದಿಲ್ಲೆ. ಅದ್ ಗಿರಾಕಿಗೆ. ನಂಗ್ ಊರಿಂದ ಅಬ್ಬೆ ಕೊಚ್ಚಕ್ಕಿ ಕಳ್ಸ್ತ್."

ಬಿಜೂರಿನ ಆದರ್ಶ ತಾಯಿ

ಈಗ ಹೇಳುವ ಪ್ರಸಂಗದ ನಂತರವೂ ನನ್ನ ಕೆಲಸ ಉಳಿಯಿತು, ಗೋಧಿಯ ಪಾಲೂ ನಿಲ್ಲಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಅಂದು ಮಧ್ಯಾಹ್ನ ನನಗೆ ಆ ಎರಡೂ ಭರವಸೆ ಇರಲಿಲ್ಲ.

ಮೇಲಿನಿಂದ ಒಬ್ಬ ದೊಡ್ಡ ಸಾಹೇಬರು ಬರುತ್ತಾರೆ, ಗೋಧಿಯಿಂದ ಜನರಿಗೆ ಪ್ರಯೋಜನ ಆಗಿದೆಯೋ ಎಂದು ಸ್ವತಃ ಕೇಳಿ ತಿಳಿಯುತ್ತಾರೆ ಎಂದು ಸುದ್ದಿ ಬಂತು. ನಮ್ಮ ಸಾಹೇಬರಿಗೆ ನಿದ್ದೆ ಹೋಯಿತು. "ಗೋಧಿ ತಿಂದವರು ಒಬ್ಬರಾದರೂ ಇದ್ದಾರೆಯೇ ನಿಮ್ಮ ಕಡೆ?" ಎಂದು ನನ್ನನ್ನು ಕೇಳಿದರು.

ಇದ್ದರು. ಬಿಜೂರಿನಲ್ಲಿ ಗದ್ದೆ, ತೆಂಗಿನ ತೋಟ ಇರುವ ಒಬ್ಬ ಹಿರಿಯ ಯಜಮಾನರು. ಊರಿಗೆ ಊರೇ ಬೇಡವೆಂದ ಗೋಧಿಯನ್ನು ಅವರು ತಪ್ಪದೆ ಅಂಗಡಿಯಿಂದ ಹೊರಿಸಿಕೊಂಡು ಹೋಗುತ್ತಿದ್ದರು. ನನ್ನ ಮಾತು ಒಬ್ಬರ ಕಿವಿಗಾದರೂ ಬಿತ್ತಲ್ಲ ಎಂದು ನಾನು ಅವರನ್ನು ಮನಸ್ಸಿನಲ್ಲೇ ವಂದಿಸುತ್ತಿದ್ದೆ. ಅವರ ಮನೆಯ ಎದುರಿನ ಶಾಲೆಯಲ್ಲೇ ಸಭೆ ಇಟ್ಟೆವು.

ದೊಡ್ಡ ಸಾಹೇಬರು ಮೈಸೂರು ಕಡೆಯವರು. ನಮ್ಮ ಮಾತು ಅವರಿಗೆ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಕಾರಿನಿಂದ ಇಳಿದವರೇ ಒಬ್ಬ ಹೆಂಗಸು "ಅಮ್ಮ ಬಂತಾ?" ಎಂದದ್ದು ಕೇಳಿ ಹುಬ್ಬು ಗಂಟಿಕ್ಕಿದರು. ನಮ್ಮ ಸಾಹೇಬರು, "ಇಲ್ಲಿ ಹೆಂಗಸರ ಬಗ್ಗೆ ಹೀಗೇ ಹೇಳುವುದು ಸಾರ್. ಅದು ಬಂತು, ಅದು ಹೋಯಿತು ಅಂತ. ಅಗೌರವ ಏನೂ ಇಲ್ಲ" ಎಂದು ಪಾಠ ಮಾಡಿದರು. ಆ ಪಾಠ ಮಾಡದಿದ್ದರೆ ಎಷ್ಟು ಚೆನ್ನಾಗಿತ್ತು.

ಯಜಮಾನರನ್ನು ಮುಂದೆ ಕರೆದು ಕುರ್ಚಿ ಕೊಟ್ಟರು.

"ನೀವು ಗೋಧಿ ಒಯ್ಯುತ್ತೀರಂತೆ, ಬಹಳ ಸಂತೋಷ. ಮನೆಯಲ್ಲಿ ಯಾರು ಯಾರು ತಿನ್ನುತ್ತಾರೆ?" ಎಂದರು ದೊಡ್ಡ ಸಾಹೇಬರು.

"ಗೌರಿ ಒಂದೇ. ಮತ್ ಯಾರಿಗೂ ಸೇರುದಿಲ್ಲೆ."

"ಗೌರಮ್ಮನವರಿಗೆ ಮೊದಲಿನಿಂದಲೂ ಇಷ್ಟವೇ?"

"ಇಲ್ಲೆ. ಸುರೂವಿಗೆ ಮೂಸಿ ಕಂಡ್ ಬಿಟ್ ಹೋಯ್ತ್. ಒಂಚೂರ್ ಬೆಲ್ಲ ಹಾಕಿ ಬೇಯ್ಸಿ ಕೊಟ್ಟೆ. ಆಮೇಲ್ ಬಿಡ್ಲಿಲ್ಲೆ."

ಮೂಸಿ ಎಂಬ ಮಾತು ನನಗೆ ಸರಿ ಕಾಣಲಿಲ್ಲ.

"ಗಂಡನೇ ಬೇಯಿಸಿ ಕೊಡುವುದೆಂದರೆ!" ದೊಡ್ಡ ಸಾಹೇಬರು ಮೆಚ್ಚಿ ತಲೆದೂಗಿದರು. "ತಿಂದ ಮೇಲೆ ಏನು ಗುಣ ಕಂಡಿರಿ?"

"ಹಾಲ್ ಜಾಸ್ತಿ ಆಯ್ತ್ ಕಾಣಿ."

ನನಗೆ ಹೊಳೆಯಿತು. ಹೆಂಗಸರ ಸಾಲಿನಲ್ಲಿ ಸೆರಗುಗಳೆಲ್ಲ ಒಮ್ಮೆಲೇ ಬಾಯಿಗೆ ಹೋದವು. ಗೌರಿ ಯಾರೆಂದು ಇನ್ನೂ ಗೊತ್ತಾಗದವರು ಆ ಸಭೆಯಲ್ಲಿ ಇಬ್ಬರು ಸಾಹೇಬರು ಮಾತ್ರ.

"ಓಹೋ, ಬಾಣಂತಿಯೇ! ಮಗು ಆರೋಗ್ಯವೇ?"

"ದಷ್ಟಪುಷ್ಟ ಇತ್ತ್. ಹೆಣ್ಣ್. ಹುಟ್ಟಿ ಎರಡ್ ತಿಂಗ್ಳಾಯ್ತ್, ಅಂಗಳ ಇಡೀ ಓಡ್ತ್."

"ಕೇಳಿದಿರಾ?" ದೊಡ್ಡ ಸಾಹೇಬರು ಸಭೆಯ ಕಡೆಗೆ ತಿರುಗಿದರು. "ಎರಡು ತಿಂಗಳ ಮಗು ಓಡುತ್ತದೆಯಂತೆ! ಅಕ್ಕಿ ತಿನ್ನುವ ತಾಯಂದಿರ ಮಕ್ಕಳು ಓಡುತ್ತವೆಯೇ?" ಅವರಿಗೆ ಮಕ್ಕಳನ್ನು ಸಾಕಿದ ಅನುಭವ ಇದ್ದಿರಲಿಕ್ಕಿಲ್ಲ.

ನಾನು ಎದ್ದು, "ಸಾರ್, ಒಂದು ಮಾತು..." ಎಂದೆ. ನಮ್ಮ ಸಾಹೇಬರು ನನ್ನ ಕಡೆ ಕಣ್ಣು ಬಿಟ್ಟು, "ಶ್! ಇಷ್ಟು ಚೆನ್ನಾಗಿ ನಡೆಯುತ್ತಿದೆ, ಮಧ್ಯೆ ಬಾಯಿ ಹಾಕಬೇಡಿ" ಎಂದು ಕೂರಿಸಿದರು.

"ಆ ತಾಯಿಯನ್ನು ನಾವು ಸನ್ಮಾನಿಸಲೇಬೇಕು. ನನಗೆ ತಂದ ಹಾರವನ್ನು ಆಕೆಗೇ ಹಾಕುತ್ತೇನೆ. ಕರೆದುಕೊಂಡು ಬನ್ನಿ" ಎಂದರು ದೊಡ್ಡ ಸಾಹೇಬರು.

ಯಜಮಾನರು ಅನುಮಾನಿಸಿದರು. "ಇಲ್ಲಿಗಾ? ಸಭೆಗಾ?"

"ಯಾಕೆ, ನಾಚಿಕೊಳ್ಳುತ್ತಾರೆಯೇ?"

"ನಾಚ್ಕೆ ಎಂತ ಇಲ್ಲೆ. ಜನ ಕಂಡ್ರೆ ಒಂಚೂರ್ ಬೆದರ್ತ್."

"ಧೈರ್ಯ ಹೇಳಿ ಕರೆತನ್ನಿ. ನಾವೆಲ್ಲ ಅವರ ಅಣ್ಣತಮ್ಮಂದಿರೇ ಅಲ್ಲವೇ?"

ಯಜಮಾನರ ಕಣ್ಣು ತೇವವಾಯಿತು. ತನ್ನ ಗೌರಿಯ ಬಗ್ಗೆ ಇಷ್ಟು ಮರ್ಯಾದೆಯಿಂದ ಮಾತಾಡಿದ ಸರ್ಕಾರಿ ಮನುಷ್ಯನನ್ನು ಅವರು ಕಂಡಿರಲಿಲ್ಲ. ಎದುರಿನ ಮನೆಗೆ ಹೋದರು. ದೊಡ್ಡ ಸಾಹೇಬರು ಹಾರ ಹಿಡಿದು ಬಾಗಿಲ ಬಳಿ ನಿಂತರು. ನಾನು ನೆಲ ಬಾಯಿ ಬಿಡಬಾರದೇ ಎಂದು ಕಾಯುತ್ತಿದ್ದೆ.

ಗಂಟೆಯ ಸದ್ದು ಕೇಳಿಸಿತು. ಮುಖ ತೊಳೆದು, ಹಣೆಗೆ ಕುಂಕುಮ ಹಚ್ಚಿದ ಗೌರಿ ಶಾಲೆಯ ಅಂಗಳಕ್ಕೆ ಬಂತು. ಮೈ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ದೊಡ್ಡ ಸಾಹೇಬರು ಕುತ್ತಿಗೆ ಚಾಚಿ ದನದ ಹಿಂದೆ ನೋಡಿದರು, ಪಕ್ಕದಲ್ಲಿ ನೋಡಿದರು.

"ಗೌರಮ್ಮ ಎಲ್ಲಿ?"

"ಇದೇ."

ನಮ್ಮ ಸಾಹೇಬರು ಶಾಲೆಯ ಮಾಡಿನ ಹಂಚುಗಳನ್ನು ಪರೀಕ್ಷಿಸತೊಡಗಿದರು. ದೊಡ್ಡ ಸಾಹೇಬರು ಹಾರವನ್ನು ನೋಡಿದರು, ಗೌರಿಯನ್ನು ನೋಡಿದರು, ನನ್ನನ್ನು ನೋಡಿದರು. ದೊಡ್ಡ ಮನುಷ್ಯರೇ ಸರಿ, ಕೊಟ್ಟ ಮಾತು ತಪ್ಪಲಿಲ್ಲ. ಹಾರ ಎತ್ತಿಕೊಂಡು ಒಂದು ಹೆಜ್ಜೆ ಮುಂದಿಟ್ಟರು.

ಯಜಮಾನರು ಹಗ್ಗವನ್ನು ಎರಡೂ ಕೈಯಲ್ಲಿ ಜಗ್ಗಿ ಹಿಡಿದು ಕೂಗಿದರು:

"ಹ್ವಾಯ್ ಸಾಹೇಬ್ರೆ, ಹತ್ರ ಬರ್ಬೇಡಿ! ಗೋಧಿ ತಿಂಬುಕೆ ಸುರು ಮಾಡಿದ್ ಮೇಲ್ ಬಲ ಜಾಸ್ತಿ ಆಯಿ, ಕೊಂಬ್ ಬೀಸಿ ಹಾಯುಕ್ ಕಲ್ತಿತ್ತ್!"